ನೆರಳೆತ್ತುವ ಗುಂಡಿ

ಮಂಡಕ್ಕಿ ಭಟ್ಟಿಯೊಳಗೆ ಹಗಲಿಲ್ಲ.
ಇರುವುದೊಂದು ಬಾಯಿ, ಬಾಯೊಳಗೆ ಬೆಂಕಿ,
ಉಳಿದದ್ದೆಲ್ಲ ಮಸಿ.
ಬೆಂಕಿಗೆ ಅಳತೆ ಹಿಡಿದರೆ ಮನುಷ್ಯ ಮಾಯ,
ಮನುಷ್ಯನಿಗೆ ಹಿಡಿದರೆ ಬೆಂಕಿ ಬರೀ ಬಿಳಿ ತೂತು.

ಮಾಲೀಕರಿಗೆ ಬೇಕಾಗಿದ್ದು
ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಲೊಂದು ಚಿತ್ರ.
ಮೂಟೆಗಳ ನಡುವೆ ಸ್ಟ್ಯಾಂಡ್ ಊರಿ
ಮೂರು ಸಲ ಒತ್ತಿದೆ:
ಒಂದು ಕತ್ತಲಿಗೆ, ಒಂದು ಬೆಳಕಿಗೆ,
ಇನ್ನೊಂದು ನಡುವಿನದಕ್ಕೆ, ಯಾರಿಗೂ ಸೇರದ್ದಕ್ಕೆ.
'ಅಲ್ಲಾಡಬ್ಯಾಡ ಚಾಚಾ' ಅಂದೆ.
'ಮರಳು ಕಾದೈತಿ. ನಾ ನಿಂತ್ರ ಅದು ನಿಲ್ತೈತೇನವ್ವ?'
ಅಂದ ಬುಡೇನ್‌ಸಾಬ್,
ಜರಡಿ ಆಡಿಸುತ್ತಲೇ.

ರಾತ್ರಿ, ಮಂಡಿಪೇಟೆಯ ಮಹಡಿಯ ಸ್ಟುಡಿಯೋ.
ಫೋಟೋಶಾಪಿನ ಬೆನ್ನಿಗೆ ಹೊಸದಾಗಿ ಕಟ್ಟಿದ ಪ್ಲಗ್‌ಇನ್,
ಹದಿನೈದು ದಿನ ಪುಕ್ಕಟೆ,
ಆಮೇಲೆ ನನ್ನ ಎರಡು ತಿಂಗಳ ಬಾಡಿಗೆಯಷ್ಟು.
ಮೂರೂ ಪಟ ನುಂಗಿ
ನೀಲಿ ಪಟ್ಟಿಯೊಂದನ್ನು ಎಳೆಯುತ್ತ ಕೂತಿತು.
ಕೆಳಗೆ ಯಾರದೋ ಲಾರಿ ರಿವರ್ಸ್ ಹೋಗುವ ಪೀಂ ಪೀಂ.
ಆಮೇಲೆ ತೋರಿಸಿತು:
ಮೂರು ಜರಡಿ, ಆರು ಕೈ,
ಕ್ಯಾಲೆಂಡರಿನಿಂದ ಇಳಿದು ಬಂದಂತೆ ಸಾಬ್.
ದೆವ್ವ ಬಿಡಿಸಲೇ? ಎಂದು ಕೇಳಿತು.
ಅದರ ಭಾಷೆಯಲ್ಲಿ ಅದಕ್ಕೆ ಹಾಗೇ ಹೆಸರು:
ಪಟ ತೆಗೆಯುವಾಗ ಕೆಲಸ ಮಾಡುತ್ತಿದ್ದವನು
ದೆವ್ವ.
ಬೇವಿನ ಸೊಪ್ಪು ಬೇಡ, ಒಂದು ಟಿಕ್ ಸಾಕು.
ಮೂರರಲ್ಲಿ ಯಾವ ಸಾಬ್ ನಿಜ ಎಂದು ನಾನೇ ಹೇಳಬೇಕು.
ಮೊಣಕೈ ಎತ್ತಿದ್ದವನನ್ನು ಇಟ್ಟುಕೊಂಡೆ.
ಉಳಿದಿಬ್ಬರು ಎಲ್ಲಿ ಹೋದರೋ.

ಆಮೇಲೆ ನೆರಳೆತ್ತುವ ಗುಂಡಿ.
ಹತ್ತಕ್ಕೆ ಒಂದು ಮೊಳೆ.
ಇಪ್ಪತ್ತಕ್ಕೆ ಮೊಳೆಗೆ ನೇತುಬಿದ್ದ ಅಂಗಿ,
ಜೇಬಿನಲ್ಲಿ ಬೀಡಿಕಟ್ಟಿನ ಉಬ್ಬು.
ಮೂವತ್ತಕ್ಕೆ ಗೋಡೆಯ ಮೇಲೆ ಇದ್ದಿಲ ಗೀಟು,
ಐದೈದರ ಕಟ್ಟು, ಎಣಿಸಿದೆ, ಎಣಿಕೆ ತಪ್ಪಿತು.
ನಲವತ್ತೈದಕ್ಕೆ,
ಇಟ್ಟಿಗೆಯೊಳಗೆ ಮುಚ್ಚಿಹೋದ ಒಂದು ಚೌಕ:
ಮರದ ಚೌಕಟ್ಟು, ಎರಡು ಸರಳು,
ಒಂದು ಚಿಲಕ.
ಅರವತ್ತು ದಾಟಿಸಿದರೆ ಮಸಿಗೆ ನೇರಳೆ ಜ್ವರ,
ತಲೆಯ ಸುತ್ತ ಔಲಿಯಾಗಳ ಪ್ರಭೆ.
ಕೆಳಗಿಳಿಸಿದೆ. ನಲವತ್ತೈದರಲ್ಲೇ ನಿಂತೆ.

ಶುಕ್ರವಾರ ನಮಾಜು ಮುಗಿಸಿ
ಪಾಸ್‌ಪೋರ್ಟ್ ಸೈಜ್ ಫೋಟೋಕ್ಕೆ ಬಂದ, ಇಸ್ತ್ರಿ ಅಂಗಿ.
ನೋಡು ಚಾಚಾ ಎಂದು ತೆರೆ ತಿರುಗಿಸಿದೆ.
ತನ್ನ ಮುಖ ನೋಡಿಕೊಳ್ಳಲಿಲ್ಲ.
ಬೆರಳು ನೆಟ್ಟಗೆ ಚೌಕದ ಮೇಲೆ.
'ಇದು ಯಾರ ಮನೀದು?'
'ನಿಮ್ಮ ಭಟ್ಟೀದೇ. ಎಡಗಡೆ ಗೋಡೆ.'
'ಕಿಟಕಿ ಇತ್ತಾ?'
ನಾನು ಸುಮ್ಮನಿದ್ದೆ. ಫ್ಯಾನು ತಿರುಗಿತು.
'ಇಪ್ಪತ್ತೇಳು ವರ್ಷ ಆತು ನಾ ಅಲ್ಲಿ ನಿಲ್ಲಾಕ ಹತ್ತಿ.
ಗಾಳಿ ಬರೋ ದಿಕ್ಕಿಗೇ ಐತಲ್ಲವ್ವ.'
ಕೆಮ್ಮಿದ. ಕೆಮ್ಮಿ ಮುಗಿಯುವತನಕ
ಇಬ್ಬರೂ ಅದನ್ನೇ ನೋಡಿದೆವು.
'ಮತ್ತ ಕಪ್ಪು ಮಾಡು' ಅಂದ.
'ನಾಳೆನೂ ಅಲ್ಲೇ ನಿಲ್ಬೇಕು ನಾನು.'

ಗುಂಡಿ ಹಿಂದಕ್ಕೆಳೆದೆ.
ಚಿಲಕ ಹೋಯಿತು, ಸರಳು ಹೋದವು,
ಗೀಟುಗಳು ಒಂದೊಂದಾಗಿ ಮಸಿಗೆ ಮರಳಿದವು.
ಅಂಗಿ ಮಾತ್ರ ಕೊನೆತನಕ ಹಟ ಹಿಡಿಯಿತು.
ಬೆಂಕಿ ಉಳಿಯಿತು, ಮೊಣಕೈ ಉಳಿಯಿತು.
ಪಾಸ್‌ಪೋರ್ಟ್ ಪಟಕ್ಕೆ ದುಡ್ಡು ಬೇಡವೆಂದರೂ
ನಲವತ್ತು ರೂಪಾಯಿ ಎಣಿಸಿಟ್ಟು ಮೆಟ್ಟಿಲಿಳಿದ.

ಮಾಲೀಕರಿಗೆ ಪಟ ಮೆಚ್ಚುಗೆಯಾಯಿತು:
'ಬೆಂಕಿ ಭಾಳ ಚೆಂದ ಬಂದೈತಿ.'
ಹದಿನಾರನೆಯ ದಿನ ಪ್ಲಗ್‌ಇನ್
ಎಲ್ಲದರ ಮೇಲೆ ಅಡ್ಡಡ್ಡ ತನ್ನ ಹೆಸರು ಬರೆಯತೊಡಗಿತು.
ತೆಗೆದುಹಾಕಿದೆ.

ಮೊನ್ನೆ ಬಾಕಿ ವಸೂಲಿಗೆ ಭಟ್ಟಿಗೆ ಹೋಗಿದ್ದೆ.
ಟೈರಿನ ಹೊಗೆ, ಉಪ್ಪಿನ ಅಕ್ಕಿ ಅರಳುವ ಚಟಪಟ,
ಸಾಬ್‌ನ ಮುಖ ಬೆಂಕಿಯತ್ತ.
ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಹೊತ್ತು ಹಿಡಿಯಿತು.
ಆಮೇಲೆ ಕಂಡದ್ದು, ಎಡಗಡೆ ಗೋಡೆಯಲ್ಲಿ
ಅಂಗೈಯಗಲದಷ್ಟು ಜಾಗ
ಮಸಿ ಒರೆಸಿತ್ತು.

ಯಾರು ಎಂದು ಕೇಳಲಿಲ್ಲ.
ಕ್ಯಾಮೆರಾ ಹೆಗಲ ಮೇಲೇ ಇತ್ತು,
ಚೀಲದ ಜಿಪ್ಪು ಎಳೆಯಲಿಲ್ಲ.